ಬಂಡಿ ವ್ಯಾಪಾರಿಯ ಮನೆತನ

ಟೈಟಾನಿಕ್ ಹಡಗಿನ ದುರಂತವನ್ನು ಕೇಳದವರು ವಿರಳ. 1912ರ ಏಪ್ರಿಲ್ 14ರ ರಾತ್ರಿ ತೇಲುವ ಹಿಮಪರ್ವತವೊಂದಕ್ಕೆ ತಾಕಿ, ಮರುದಿನ ಬೆಳಗಾಗುವ ಮುನ್ನವೇ ಅಟ್ಲಾಂಟಿಕ್ ಸಾಗರದ ತಳವನ್ನು ಸೇರಿದ ಆ ಹಡಗಿನೊಡನೆ ಸುಮಾರು 1,500 ಜೀವಗಳು ಅಳಿದುವು. ಆ ಕರಾಳರಾತ್ರಿಯ ನೂರಾರು ಕಥೆಗಳಲ್ಲಿ ವೃದ್ಧ ದಂಪತಿಗಳ ಕಥೆಯೊಂದು ಜನಮನದಲ್ಲಿ ಅಚ್ಚಳಿಯದೆ ಉಳಿದಿದೆ. ಇಸಿಡಾರ್ ಸ್ಟ್ರೌಸ್‌ಗೆ ಆಗ 67 ವರ್ಷ. ಪತ್ನಿ ಐಡಾಗೆ 63. ವಯಸ್ಸಿಗೆ ಮನ್ನಣೆಯಿತ್ತು ಆತನಿಗೂ ರಕ್ಷಣಾ ದೋಣಿಯಲ್ಲಿ ಸ್ಥಳ ಕೊಡಲು ಇತರರು ಮುಂದಾದರು. ಹೆಂಗಸರೂ ಮಕ್ಕಳೂ ಹಡಗಿನ ಮೇಲಿರುವಾಗ ತಾನು ದೋಣಿ ಹತ್ತುವವನಲ್ಲವೆಂದು ಆತ ನಿರಾಕರಿಸಿದ. ಇಷ್ಟು ಕಾಲ ಜೊತೆಯಲ್ಲಿ ಬಾಳಿದ ಮೇಲೆ ಪತಿಯನ್ನು ಬಿಟ್ಟು ತಾನೊಬ್ಬಳೇ ಹೋಗುವುದಿಲ್ಲವೆಂದು ಆಕೆಯೂ ಹಿಂದೆ ಸರಿದಳು. ತನ್ನ ತುಪ್ಪುಳಿನ ನಿಲುವಂಗಿಯನ್ನು ಪರಿಚಾರಿಕೆ ಎಲೆನ್ ಬರ್ಡ್‌ಳಿಗೆ ಕೊಟ್ಟು, ಅವಳನ್ನು ಎಂಟನೆಯ ದೋಣಿಗೆ ಹತ್ತಿಸಿ, ಐಡಾ ಪತಿಯ ಬಳಿಯಲ್ಲಿಯೇ ನಿಂತಳು. ಪರಿಚಾರಿಕೆ ಬದುಕಿದಳು. ಮುಂದೆ ಆ ನಿಲುವಂಗಿಯನ್ನು ಸ್ಟ್ರೌಸ್ ದಂಪತಿಗಳ ಮಗಳಿಗೆ ಹಿಂದಿರುಗಿಸಲು ಹೋದಾಗ, ತಾಯಿ ಕೊಟ್ಟದ್ದನ್ನು ನೀನೇ ಇಟ್ಟುಕೊಳ್ಳಬೇಕೆಂದು ಮಗಳು ಅವಳನ್ನು ಬೀಳ್ಕೊಟ್ಟಳು.

ಸಾಮಾನ್ಯವಾಗಿ ಈ ಕಥೆ ಇಲ್ಲಿಗೇ ಮುಗಿಯುತ್ತದೆ. ಆದರೆ ಆ ದಂಪತಿಗಳು ಯಾರು, ಎಲ್ಲಿಂದ ಬಂದವರು, ಅವರ ಹಿಂದಿನವರು ಯಾರು, ಅವರ ಮಕ್ಕಳು ಮೊಮ್ಮಕ್ಕಳು ಏನಾದರು ಎಂದು ವಿಚಾರಿಸ ಹೊರಟರೆ ಟೈಟಾನಿಕ್ಕಿನ ಕಥೆ ಒಂದು ದೀರ್ಘ ವಂಶಚರಿತ್ರೆಯ ನಡುವಣ ಒಂದು ಅಧ್ಯಾಯವಾಗಿ ತೋರುತ್ತದೆ. ಜರ್ಮನಿಯ ಸಣ್ಣ ಪಟ್ಟಣವೊಂದರಿಂದ ಬರಿಗೈಯಲ್ಲಿ ಹೊರಟ ಯೆಹೂದ್ಯ ಮನೆತನವೊಂದು ಅಮೆರಿಕದಲ್ಲಿ ಬೇರುಬಿಟ್ಟು, ವ್ಯಾಪಾರ, ರಾಜಕೀಯ, ಲೋಕಸೇವೆ, ಸಾಹಿತ್ಯ ಪ್ರಕಾಶನಗಳಲ್ಲಿ ಕೊಂಬೆ ಚಾಚಿದ ಬಗೆ ಅದರಲ್ಲಿದೆ. ಆ ಮನೆತನಕ್ಕೆ ತೆರೆದಿದ್ದ ಬಾಗಿಲು ಎಲ್ಲರಿಗೂ, ಎಲ್ಲ ಕಾಲಕ್ಕೂ ತೆರೆದಿರಲಿಲ್ಲವೆಂಬ ಸಂಗತಿಯೂ ಅದರಲ್ಲಿದೆ.

ಹೆಸರು ಬಂದ ಬಗೆ

ರೈನ್ ನದಿಯ ಪಶ್ಚಿಮಕ್ಕಿರುವ ಪೆಲಟಿನೇಟ್ ಪ್ರಾಂತದಲ್ಲಿ ಒಟ್ಟರ್‌ಬರ್ಗ್ ಎಂಬ ಪುಟ್ಟ ಪಟ್ಟಣವುಂಟು. ಸ್ಟ್ರೌಸರ ಮೂಲಸ್ಥಾನ ಅದೇ. ಆದರೆ ಎರಡು ಶತಮಾನಗಳ ಹಿಂದೆ ಅಲ್ಲಿ ‘ಸ್ಟ್ರೌಸ್’ ಮನೆಯೆಲ್ಲಿ ಎಂದು ಕೇಳಿದ್ದರೆ ಯಾರೂ ತೋರಿಸಲಾರದೆ ಹೋಗುತ್ತಿದ್ದರು. ಆ ಪ್ರಾಂತದ ಯೆಹೂದ್ಯರಲ್ಲಿ ಹಲವರಿಗೆ ಆಗ ಸ್ಥಿರವಾದ ಮನೆತನದ ಹೆಸರೇ ಇರಲಿಲ್ಲ. ಮಗನ ಹೆಸರಿಗೆ ತಂದೆಯ ಹೆಸರು ಸೇರುತ್ತಿತ್ತು, ಮರುತಲೆಮಾರಿನಲ್ಲಿ ಅದೂ ಬದಲಾಗುತ್ತಿತ್ತು. ಪೆಲಟಿನೇಟ್ ಅಂದು ಫ್ರಾನ್ಸಿನ ಆಳ್ವಿಕೆಗೆ ಒಳಪಟ್ಟಿತ್ತು. 1806ರಲ್ಲಿ ಚಕ್ರವರ್ತಿ ನೆಪೋಲಿಯನ್ ಪ್ಯಾರಿಸಿನಲ್ಲಿ ಯೆಹೂದ್ಯ ಪ್ರಮುಖರ ಸಭೆಯನ್ನು ಕರೆದಾಗ, ಈ ವಂಶದ ಹಿರಿಯ ಜೇಕಬ್ ಲಾಜರ್ ಅದಕ್ಕೆ ಪ್ರತಿನಿಧಿಯಾಗಿ ಹೋಗಿದ್ದನೆಂದು ಅವನ ಮರಿಮಗ ಆಸ್ಕರ್ ಸ್ಟ್ರೌಸ್ ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. 1808ರ ಜುಲೈ ತಿಂಗಳಿನಲ್ಲಿ ಚಕ್ರವರ್ತಿಯ ಆಜ್ಞೆಯೊಂದು ಹೊರಟಿತು; ಯೆಹೂದ್ಯರೆಲ್ಲರೂ ಒಂದೊಂದು ಸ್ಥಿರವಾದ ಮನೆತನದ ಹೆಸರನ್ನು ಧರಿಸಿ ಸರ್ಕಾರದ ದಫ್ತರದಲ್ಲಿ ಬರೆಯಿಸಬೇಕೆಂದು ಅದರ ತಾತ್ಪರ್ಯ. ಲಾಜರನ ಮನೆಯವರು ‘ಸ್ಟ್ರೌಸ್’ ಎಂಬ ಹೆಸರನ್ನು ತಾಳಿದರು. ಜರ್ಮನ್ ಭಾಷೆಯಲ್ಲಿ ಆ ಶಬ್ದಕ್ಕೆ ಹೂಗುಚ್ಛವೆಂದೂ ಉಷ್ಟ್ರಪಕ್ಷಿಯೆಂದೂ ಎರಡರ್ಥ.

ಯೆಹೂದ್ಯ ವಂಶಾವಳಿಗಳನ್ನು ಹುಡುಕುವವರು ಬಹುಮಟ್ಟಿಗೆ ಎಡವುವುದು ಈ ಮೆಟ್ಟಿಲಿನಲ್ಲಿಯೇ. ಮನೆತನದ ಹೆಸರನ್ನು ಹಿಡಿದು ಹಿಂದಕ್ಕೆ ನಡೆದರೆ 1808ರ ಬಳಿ ದಾರಿ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ವಿವಾಹಪತ್ರ, ಸಮಾಧಿಯ ಕಲ್ಲು, ಊರ ತೆರಿಗೆಯ ಪಟ್ಟಿ ಇವುಗಳೇ ದಿಕ್ಕು. ಮತ್ತೊಂದು ಸುಳಿವೂ ಉಂಟು. ಮಧ್ಯ ಯುರೋಪಿನ ಯೆಹೂದ್ಯರಲ್ಲಿ ತೀರಿಹೋದ ಹಿರಿಯರ ಹೆಸರನ್ನು ಮಕ್ಕಳಿಗಿಡುವ ರೂಢಿ ಪ್ರಬಲವಾದದ್ದು. ಒಂದೇ ಹೆಸರು ತಲೆಮಾರುಗಳ ನಡುವೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತ ದಾರಿ ತೋರುತ್ತದೆ. 1809ರಲ್ಲಿ ಹುಟ್ಟಿ ಮುಂದೆ ಅಮೆರಿಕದ ಶಾಖೆಗೆ ಮೂಲಪುರುಷನಾದವನ ಹೆಸರೂ ಲಾಜರಸ್ ಎಂದೇ.

ಜಾರ್ಜಿಯಾದ ಬಂಡಿಜಾಡು

1848ರಲ್ಲಿ ಜರ್ಮನಿಯ ಅನೇಕ ಸಂಸ್ಥಾನಗಳಲ್ಲಿ ಪ್ರಜಾಪ್ರಭುತ್ವಕ್ಕಾಗಿ ದಂಗೆಗಳೆದ್ದುವು. ಲಾಜರಸ್ ಸ್ಟ್ರೌಸನ ಸಹಾನುಭೂತಿ ಚಳುವಳಿಗಾರರ ಕಡೆಗಿತ್ತು. ದಂಗೆ ಮುರಿದುಬಿತ್ತು. ಸರ್ಕಾರದ ಕಣ್ಣಿನಲ್ಲಿ ಕಳಂಕಿತನಾಗಿ ಬದುಕುವುದು ಕಷ್ಟವೆನಿಸಿ, 1852ರಲ್ಲಿ ಹೆಂಡತಿ ಮಕ್ಕಳನ್ನು ಊರಿನಲ್ಲಿಯೇ ಬಿಟ್ಟು ಆತನೊಬ್ಬನೇ ಹಡಗು ಹತ್ತಿದ. ವಯಸ್ಸು ನಲವತ್ತು ಮೀರಿತ್ತು. ಫಿಲಡೆಲ್ಫಿಯಾದಲ್ಲಿ ಇಳಿದು, ತನಗಿಂತ ಮೊದಲು ಬಂದಿದ್ದ ಪರಿಚಿತರ ಸಲಹೆಯಂತೆ ದಕ್ಷಿಣದ ಜಾರ್ಜಿಯಾ ಸಂಸ್ಥಾನಕ್ಕೆ ಹೋದ. ಅಲ್ಲಿ ಇಬ್ಬರು ಸೋದರರು ಬಂಡಿಯಲ್ಲಿ ಬಟ್ಟೆ, ಸೂಜಿ ನೂಲು, ಗುಂಡಿ ಮೊದಲಾದ ಸಣ್ಣಪುಟ್ಟ ಸಾಮಾನುಗಳನ್ನು ಹೇರಿಕೊಂಡು ಹತ್ತಿ ಬೆಳೆಯುವ ತೋಟದಿಂದ ತೋಟಕ್ಕೆ ಮಾರುತ್ತಿದ್ದರು. ಲಾಜರಸ್ ಅವರೊಡನೆ ಪಾಲುದಾರನಾದ.

ಒಂದು ವಾರ ಬಂಡಿ ಟಾಲ್ಬಟನ್ ಎಂಬ ಊರಿಗೆ ಬಂದಿತು. ನ್ಯಾಯಾಲಯದ ಕಲಾಪ ನಡೆಯುತ್ತಿದ್ದುದರಿಂದ ಸುತ್ತಲಿನ ಹಳ್ಳಿಗಳ ಜನರೆಲ್ಲ ಅಲ್ಲಿ ಕೂಡಿದ್ದರು; ವ್ಯಾಪಾರ ಚೆನ್ನಾಗಿ ನಡೆಯಿತು. ತಿರುಗಾಡಿ ಮಾರುವವರು ಪ್ರತಿ ಜಿಲ್ಲೆಯಲ್ಲಿಯೂ ಬೇರೆ ಬೇರೆ ಪರವಾನೆ ಶುಲ್ಕ ತೆರಬೇಕಾಗಿತ್ತು. ಆ ಹಣಕ್ಕೆ ಒಂದು ಅಂಗಡಿಯನ್ನೇ ಬಾಡಿಗೆಗೆ ಹಿಡಿಯಬಹುದೆಂದು ಲೆಕ್ಕಹಾಕಿ, ಅಲ್ಲಿಯ ದರ್ಜಿಯೊಬ್ಬನೊಡನೆ ಮಳಿಗೆಯನ್ನು ಹಂಚಿಕೊಂಡು ಲಾಜರಸ್ ನೆಲೆನಿಂತ. 1854ರಲ್ಲಿ ಪತ್ನಿ ಸಾರಾ ನಾಲ್ಕು ಮಕ್ಕಳೊಡನೆ ಫ್ರಾನ್ಸಿನ ಹಾವ್ರ್ ಬಂದರಿನಿಂದ ಹಡಗು ಹತ್ತಿ ಬಂದಳು. ಇಸಿಡಾರನಿಗೆ ಒಂಬತ್ತು ವರ್ಷ, ನೇಥನ್‌ಗೆ ಆರು, ಆಸ್ಕರನಿಗೆ ಮೂರು. ಹರ್ಮಿನ್ ಎಂಬ ಹುಡುಗಿ ಇಸಿಡಾರನ ಬೆನ್ನಿಗೆ ಹುಟ್ಟಿದವಳು. ವೀಸಾ ಎಂಬುದು ಆಗ ಇರಲಿಲ್ಲ. ಯಾವ ದೇಶದವರು ವರ್ಷಕ್ಕೆ ಎಷ್ಟು ಮಂದಿ ಬರಬಹುದೆಂಬ ನಿಯಮವೂ ಇರಲಿಲ್ಲ. ಹಡಗಿನ ಪಟ್ಟಿಯಲ್ಲಿ ಹೆಸರು, ವಯಸ್ಸು, ಕಸಬು ಬರೆಸಿ, ಸಾಂಕ್ರಾಮಿಕ ರೋಗವಿಲ್ಲವೆಂದಾದರೆ ದಡಕ್ಕೆ ಇಳಿಯಬಹುದಾಗಿತ್ತು. ಇಂದಿಗೂ ಅಮೆರಿಕದ ವಂಶಾನ್ವೇಷಕರಿಗೆ ಇಂಥ ಹಡಗಿನ ಪಟ್ಟಿಗಳೇ ದೊಡ್ಡ ಆಧಾರ.

ಟಾಲ್ಬಟನ್ನಿನಲ್ಲಿ ಬೇರೆ ಯೆಹೂದ್ಯ ಮನೆಯಿರಲಿಲ್ಲ. ಹೀಬ್ರೂ ಭಾಷೆಯಲ್ಲಿ ಪರಿಣತನಾಗಿದ್ದ ಲಾಜರಸನ ಮನೆಗೆ ಊರೂರು ಸುತ್ತುವ ಕ್ರೈಸ್ತ ಪಾದ್ರಿಗಳು ಬಂದು ಊಟ ಮಾಡಿ, ಬೈಬಲಿನ ಹಳೆಯ ಒಡಂಬಡಿಕೆಯ ವಾಕ್ಯಗಳ ಅರ್ಥವನ್ನು ಚರ್ಚಿಸುತ್ತಿದ್ದರಂತೆ. ಆದರೂ 1862ರಲ್ಲಿ, ಉತ್ತರ ದಕ್ಷಿಣ ಸಂಸ್ಥಾನಗಳ ಅಂತರ್ಯುದ್ಧದ ನಡುವೆ ಸಾಮಾನುಗಳ ಬೆಲೆ ಗಗನಕ್ಕೇರಿದಾಗ, ಜಿಲ್ಲೆಯ ಜೂರಿ ಮಂಡಲಿಯೊಂದು ಯೆಹೂದ್ಯ ವ್ಯಾಪಾರಿಗಳ ದೇಶದ್ರೋಹದ ನಡತೆಯೇ ಅದಕ್ಕೆ ಕಾರಣವೆಂದು ಆಪಾದಿಸಿತು. ಜಿಲ್ಲೆಯಲ್ಲಿದ್ದ ಯೆಹೂದ್ಯನೋ ಒಬ್ಬನೇ. ಲಾಜರಸ್ ಮರುಮಾತಿಲ್ಲದೆ ಅಂಗಡಿ ಮುಚ್ಚಿ ಊರು ಬಿಡುವುದಾಗಿ ಸಾರಿದ. ಜೂರಿಯ ಸದಸ್ಯರೂ ಊರಿನ ಪಾದ್ರಿಗಳೂ ಮನೆಗೆ ಬಂದು, ಆ ಮಾತು ನಿನ್ನನ್ನು ಕುರಿತದ್ದಲ್ಲವೆಂದು ಬೇಡಿಕೊಂಡರು. ಆತ ಮನಸ್ಸನ್ನು ಬದಲಿಸಲಿಲ್ಲ. ಸಂಸಾರ ಹತ್ತಿರದ ಕೊಲಂಬಸ್ ನಗರಕ್ಕೆ ಸಾಗಿತು.

ಹೆಸರಿಲ್ಲದ ಪಟ್ಟಿ

ಈ ಮನೆತನದ ಚರಿತ್ರೆಯನ್ನು ಬರೆದವರು ಮರೆಮಾಚದೆ ಹೇಳಿರುವ ಒಂದು ಸಂಗತಿ ಉಂಟು. ಅನ್ಯಾಯವನ್ನು ತಾನು ಉಂಡಿದ್ದ ಲಾಜರಸ್ ಸ್ಟ್ರೌಸನ ಮನೆಯಲ್ಲಿಯೇ ಗುಲಾಮರಿದ್ದರು. ಮೊದಲು ಒಡೆಯರಿಂದ ಬಾಡಿಗೆಗೆ ಪಡೆದವರನ್ನು ಆತ ಅನಂತರ ಕೊಂಡನೆಂದು ಆಸ್ಕರ್ ಬರೆದಿದ್ದಾನೆ. ದಕ್ಷಿಣದಲ್ಲಿ ಬೆಳೆದ ಹುಡುಗನಾದ ತನಗೆ ಗುಲಾಮಗಿರಿ ಸರಿಯೇ ತಪ್ಪೇ ಎಂಬ ಪ್ರಶ್ನೆಯೇ ಆಗ ಹುಟ್ಟಲಿಲ್ಲವೆಂದೂ ಒಪ್ಪಿಕೊಂಡಿದ್ದಾನೆ. ಹಿರಿಯ ಮಗ ಇಸಿಡಾರ್ 1863ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ದಕ್ಷಿಣದ ಸರ್ಕಾರದ ಪರವಾಗಿ ಹತ್ತಿ ಮಾರಿ ಹಡಗು ಕೊಳ್ಳಲು ಹೊರಟ ತಂಡವೊಂದಕ್ಕೆ ಕಾರ್ಯದರ್ಶಿಯಾಗಿ, ಉತ್ತರದವರ ನೌಕಾಪಹರೆಯನ್ನು ತಪ್ಪಿಸಿಕೊಂಡು ಯುರೋಪಿಗೆ ಹೋದವನು.

ವಂಶಾವಳಿಯನ್ನು ಹುಡುಕುವವರಿಗೆ ಅಮೆರಿಕದ ಹಳೆಯ ಖಾನೇಷುಮಾರಿ ದಫ್ತರಗಳು ಈ ವಿಷಯದಲ್ಲಿ ಕಟುಸತ್ಯವನ್ನು ತೋರುತ್ತವೆ. 1850ರಿಂದ ಮೊದಲ್ಗೊಂಡು ಮನೆಯಲ್ಲಿರುವ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರನ್ನೂ ಗಣತಿಯಲ್ಲಿ ಬರೆದಿದ್ದಾರೆ. ಕೂಸಿನ ಹೆಸರು ಕೂಡ ಬಿಟ್ಟಿಲ್ಲ. ಆದರೆ 1850 ಮತ್ತು 1860ರಲ್ಲಿ ಗುಲಾಮರಿಗೆ ಪ್ರತ್ಯೇಕ ಪಟ್ಟಿ. ಅದರಲ್ಲಿ ಒಡೆಯನ ಹೆಸರುಂಟು. ಅದರ ಕೆಳಗೆ ಬರಿಯ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರು ಅಪರೂಪಕ್ಕೆ ಮಾತ್ರ. ಬಿಡುಗಡೆ ಪಡೆದ ಕರಿಯ ಜನರೆಲ್ಲರ ಹೆಸರುಗಳು ಗಣತಿಯ ಪುಸ್ತಕವನ್ನು ಏರಿದುದು 1870ರಲ್ಲಿಯೇ. ನೆಪೋಲಿಯನ್ನನ ಆಜ್ಞೆಯಿಂದ ಸ್ಟ್ರೌಸರಿಗೆ ಹೆಸರು ದೊರೆತು ಅವರ ವಂಶಚರಿತ್ರೆ ಸುಲಭವಾಯಿತು. ಅವರದೇ ಅಡುಗೆಮನೆಯಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಇಂದು ತಮ್ಮ ಹಿರಿಯರನ್ನು ಹುಡುಕ ಹೊರಟರೆ ಸಿಕ್ಕುವುದು ಒಂದು ಅಂಕಿ.

1865ರ ಏಪ್ರಿಲಿನಲ್ಲಿ ಉತ್ತರದ ಸೈನ್ಯ ಕೊಲಂಬಸ್ಸಿಗೆ ನುಗ್ಗಿತು. ಹತ್ತಿಯ ಉಗ್ರಾಣಗಳು ಬೆಂಕಿಗೆ ಆಹುತಿಯಾದುವು. ಸ್ಟ್ರೌಸ್ ಸಂಸಾರ ನ್ಯೂಯಾರ್ಕಿಗೆ ಹೊರಟಿತು. ದಕ್ಷಿಣದ ಹಲವು ವ್ಯಾಪಾರಿಗಳು ಯುದ್ಧದ ನೆಪದಿಂದ ಉತ್ತರದವರ ಹಳೆಯ ಸಾಲವನ್ನು ಅರ್ಧಕ್ಕೋ ಕಾಲಕ್ಕೋ ತೀರಿಸಿ ಕೈತೊಳೆದುಕೊಳ್ಳುತ್ತಿದ್ದ ಕಾಲ ಅದು. ಲಾಜರಸ್ ತನ್ನ ಸಾಲಿಗರ ಬಳಿಗೆ ತಾನಾಗಿಯೇ ಹೋಗಿ, ಒಂದು ಕಾಸೂ ಉಳಿಯದಂತೆ ತೀರಿಸುವುದಾಗಿ ಹೇಳಿ, ಹಾಗೆಯೇ ತೀರಿಸಿದ. ಬಂಡವಾಳ ಕರಗಿತು, ಮಾತು ಉಳಿಯಿತು. ಅಂಗಡಿ ಹೂಡಲು ಬೇಕಾದ ಸಾಮಾನು ಆ ಮಾತಿನ ಬಲದಿಂದಲೇ ಕಡವಾಗಿ ದೊರೆಯಿತೆಂದು ಮಕ್ಕಳು ಮುಂದೆ ನೆನೆಯುತ್ತಿದ್ದರು.

ನೆಲಮಾಳಿಗೆಯಿಂದ ಮೇಲಕ್ಕೆ

1866ರಲ್ಲಿ ತಂದೆಮಕ್ಕಳು ನ್ಯೂಯಾರ್ಕಿನಲ್ಲಿ ಪಿಂಗಾಣಿ ಮತ್ತು ಗಾಜಿನ ಸಾಮಾನಿನ ವ್ಯಾಪಾರವನ್ನು ಹೂಡಿದರು. 1874ರಲ್ಲಿ ನೇಥನ್ ಸ್ಟ್ರೌಸನ ಪ್ರಯತ್ನದಿಂದ ರೋಲಂಡ್ ಮೇಸಿ ಎಂಬುವನ ಪ್ರಸಿದ್ಧ ಮಳಿಗೆಯ ನೆಲಮಾಳಿಗೆಯಲ್ಲಿ ಸ್ವಲ್ಪ ಸ್ಥಳ ಬಾಡಿಗೆಗೆ ದೊರೆಯಿತು. ತಟ್ಟೆ ಬಟ್ಟಲುಗಳನ್ನು ಕೊಳ್ಳಲು ಗೃಹಿಣಿಯರು ಮೆಟ್ಟಿಲಿಳಿದು ಬರತೊಡಗಿದರು. ಹದಿನಾಲ್ಕು ವರ್ಷಗಳ ತರುವಾಯ, 1888ರಲ್ಲಿ, ಸೋದರರು ಮೇಸಿ ಮಳಿಗೆಗೇ ಪಾಲುದಾರರಾದರು. 1896ರಲ್ಲಿ ಅದರ ಪೂರ್ಣ ಒಡೆಯರಾದರು. 1902ರಲ್ಲಿ ಹೆರಾಲ್ಡ್ ಚೌಕದಲ್ಲಿ ಎದ್ದ ಅದರ ಭವ್ಯ ಕಟ್ಟಡ ಇಂದಿಗೂ ನ್ಯೂಯಾರ್ಕಿನ ಹೆಗ್ಗುರುತುಗಳಲ್ಲಿ ಒಂದು. ಬಂಡಿ ವ್ಯಾಪಾರಿ ಲಾಜರಸ್ 1898ರಲ್ಲಿ ಕಣ್ಣು ಮುಚ್ಚುವ ಮೊದಲು ಮಕ್ಕಳ ಏಳಿಗೆಯನ್ನು ಕಂಡ.

ಹಿರಿಯ ಮಗ ಇಸಿಡಾರ್ ಗಂಭೀರ ಸ್ವಭಾವದ ಲೆಕ್ಕಾಚಾರದ ಮನುಷ್ಯ. 1871ರಲ್ಲಿ ಐಡಾ ಬ್ಲುನ್‌ಳನ್ನು ಕೈಹಿಡಿದ. ಇಬ್ಬರ ಜನ್ಮದಿನವೂ ಫೆಬ್ರವರಿ 6. ಏಳು ಮಕ್ಕಳು ಹುಟ್ಟಿ, ಒಂದು ಶೈಶವದಲ್ಲಿಯೇ ತೀರಿಕೊಂಡಿತು. ಇಸಿಡಾರ್ ಕೆಲಕಾಲ ಅಮೆರಿಕದ ಲೋಕಸಭೆಯಲ್ಲಿಯೂ ಕುಳಿತಿದ್ದ. ನ್ಯೂಯಾರ್ಕಿನ ಪೂರ್ವಭಾಗದ ಇಕ್ಕಟ್ಟಿನ ಬೀದಿಗಳಲ್ಲಿ ತುಂಬಿಕೊಂಡಿದ್ದ ಹೊಸ ಯೆಹೂದ್ಯ ವಲಸೆಗಾರರಿಗೆ ಭಾಷೆ, ಕಸಬು, ನಾಗರಿಕ ಜೀವನಗಳನ್ನು ಕಲಿಸುವ ಶಿಕ್ಷಣಸಂಸ್ಥೆಗೆ ಆತ ಸಾಯುವವರೆಗೂ ಅಧ್ಯಕ್ಷನಾಗಿದ್ದ.

ಎರಡನೆಯ ಮಗ ನೇಥನ್ ಹೃದಯದ ಮಾತು ಕೇಳುವವನು. ಆ ಕಾಲದಲ್ಲಿ ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಬೇಸಿಗೆ ಬಂದರೆ ಹಸುಗೂಸುಗಳು ಸಾಲುಸಾಲಾಗಿ ಸಾಯುತ್ತಿದ್ದುವು. ಕೊಳಕು ಹಾಲೇ ಅದಕ್ಕೆ ಮುಖ್ಯ ಕಾರಣವೆಂದು ಮನಗಂಡ ನೇಥನ್, 1893ರಲ್ಲಿ ಸ್ವಂತ ವೆಚ್ಚದಿಂದ ಹಾಲಿನ ಕೇಂದ್ರವೊಂದನ್ನು ತೆರೆದ. ಲೂಯಿ ಪ್ಯಾಸ್ಟರನ ವಿಧಾನದಂತೆ ಹದವಾಗಿ ಕಾಯಿಸಿ ರೋಗಾಣುಗಳನ್ನು ಕೊಂದ ಹಾಲನ್ನು ಬಾಟಲಿಗಳಲ್ಲಿ ತುಂಬಿ, ಕೊಳ್ಳಬಲ್ಲವರಿಗೆ ಅತ್ಯಲ್ಪ ಬೆಲೆಗೂ ಇಲ್ಲದವರಿಗೆ ಪುಕ್ಕಟೆಯಾಗಿಯೂ ಕೊಡುವ ಏರ್ಪಾಡು. ಕಾಯಿಸಿದರೆ ಹಾಲಿನ ಸತ್ವ ಹೋಗುತ್ತದೆಂದು ವೈದ್ಯರಲ್ಲಿಯೂ ಹಲವರು ವಿರೋಧಿಸಿದರು. ಹಾಲಿನ ವರ್ತಕರು ಮುನಿದರು. ರಾಂಡಾಲ್ ದ್ವೀಪದ ಅನಾಥ ಶಿಶುಗಳ ಆಶ್ರಮದಲ್ಲಿ 1898ರಿಂದ ಇಂಥ ಹಾಲನ್ನು ಕೊಡಲಾರಂಭಿಸಿದ ಮೇಲೆ ಮರಣದ ಪ್ರಮಾಣ ಎದ್ದುಕಾಣುವಂತೆ ಇಳಿಯಿತು. ಇಪ್ಪತ್ತು ವರ್ಷಗಳ ಹೋರಾಟದ ನಂತರ ನಗರಸಭೆಯೇ ಈ ವಿಧಾನವನ್ನು ಕಡ್ಡಾಯ ಮಾಡಿತು. ವೃದ್ಧಾಪ್ಯದಲ್ಲಿ ನೇಥನ್ ಮತ್ತು ಪತ್ನಿ ಲೀನಾ ತಮ್ಮ ಸಂಪತ್ತಿನ ದೊಡ್ಡ ಭಾಗವನ್ನು ಪ್ಯಾಲೆಸ್ಟೈನಿನ ಆಸ್ಪತ್ರೆ, ಆರೋಗ್ಯಕೇಂದ್ರಗಳಿಗೆ ವಿನಿಯೋಗಿಸಿದರು. 1929ರಲ್ಲಿ ಅಲ್ಲಿಯ ಸಮುದ್ರತೀರದಲ್ಲಿ ಹುಟ್ಟಿ, ಇಂದು ಇಸ್ರೇಲಿನ ದೊಡ್ಡ ನಗರಗಳಲ್ಲೊಂದಾಗಿರುವ ನೆತಾನ್ಯಾಕ್ಕೆ ಆತನ ಹೆಸರನ್ನೇ ಇಟ್ಟಿದ್ದಾರೆ.

ಕಿರಿಯವನಾದ ಆಸ್ಕರ್ ವ್ಯಾಪಾರಕ್ಕಿಂತ ವಿದ್ಯೆಗೆ ಒಲಿದವನು. ಕೊಲಂಬಿಯಾ ವಿದ್ಯಾಲಯದಲ್ಲಿ ಓದಿ ವಕೀಲನಾದ. 1887ರಿಂದ ಮೂರು ಸಲ ತುರ್ಕಿಯ ಸುಲ್ತಾನನ ಆಸ್ಥಾನದಲ್ಲಿ ಅಮೆರಿಕದ ರಾಜಪ್ರತಿನಿಧಿಯಾದ. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆತನನ್ನು ವಾಣಿಜ್ಯ ಮತ್ತು ಕಾರ್ಮಿಕ ಖಾತೆಯ ಮಂತ್ರಿಯಾಗಿ ನೇಮಿಸಿದ. ಅಮೆರಿಕದ ಮಂತ್ರಿಮಂಡಲವನ್ನು ಸೇರಿದ ಮೊದಲ ಯೆಹೂದ್ಯ ಆಸ್ಕರ್ ಸ್ಟ್ರೌಸನೇ. ವಿಧಿಯ ವಿಚಿತ್ರವೆಂದರೆ ವಲಸೆಯ ಇಲಾಖೆಯೂ ಆ ಖಾತೆಗೇ ಸೇರಿತ್ತು. ಮೂರು ವರ್ಷದ ಕೂಸಾಗಿ ತಾಯಿಯ ಸೆರಗು ಹಿಡಿದು ಬಂದವನು ಅದೇ ದೇಶದ ಹೆಬ್ಬಾಗಿಲಿಗೆ ಅಧಿಕಾರಿಯಾದ. ವಲಸೆಯ ಚರಿತ್ರೆಯಲ್ಲಿ ಅದು ಅಪೂರ್ವವಾದ ಕಾಲ. 1907ರ ಏಪ್ರಿಲ್ 17ರಂದು ಒಂದೇ ದಿನ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ 11,747 ಮಂದಿ ವಲಸೆಗಾರರ ತಪಾಸಣೆ ನಡೆಯಿತು. ಆ ವರ್ಷ ಇಡೀ ದೇಶಕ್ಕೆ ಬಂದವರು ಸುಮಾರು 12 ಲಕ್ಷ 85 ಸಾವಿರ. ಒಳಗೆ ಬಿಡಲಾಗದೆಂದು ಅಧಿಕಾರಿಗಳು ತಡೆದವರ ಮೇಲ್ಮನವಿಗಳು ಮಂತ್ರಿಯ ಮೇಜಿಗೆ ಬರುತ್ತಿದ್ದುವು. ಅದು ಕಾಗದದ ಕೆಲಸವಲ್ಲ, ಸಂಸಾರಗಳ ಹಣೆಬರಹವೆಂದು ಬಗೆದು ಆಸ್ಕರ್ ಅವುಗಳನ್ನು ಖುದ್ದಾಗಿ ಓದಿ ತೀರ್ಮಾನಿಸುತ್ತಿದ್ದ.

ಚಾಚಿದ ಕೊಂಬೆಗಳು

ಟೈಟಾನಿಕ್ ಮುಳುಗಿದ ಮೇಲೆ ಇಸಿಡಾರನ ದೇಹ ದೊರೆಯಿತು. ಐಡಾಳದು ದೊರೆಯಲೇ ಇಲ್ಲ. ಅವರು ವಾಸವಾಗಿದ್ದ ಬ್ರಾಡ್‌ವೇ ಬೀದಿಯ ಸಮೀಪದಲ್ಲಿ 1915ರಲ್ಲಿ ಪುಟ್ಟದೊಂದು ಉದ್ಯಾನವನ್ನು ಅವರ ಸ್ಮಾರಕವಾಗಿ ತೆರೆದರು. ಮೂವರು ಗಂಡುಮಕ್ಕಳಾದ ಜೆಸ್ಸಿ, ಪರ್ಸಿ, ಹರ್ಬರ್ಟ್ ತಂದೆತಾಯಿಗಳ ನೆನಪಿಗೆ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿನಿಲಯವೊಂದನ್ನು ಕಟ್ಟಿಸಿದರು. ಜೆಸ್ಸಿ 1933ರಿಂದ 1936ರವರೆಗೆ ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ. ಪರ್ಸಿ ಸಂಗ್ರಹಿಸಿದ ಚಿತ್ರಗಳೂ ಶಿಲ್ಪಗಳೂ ಹ್ಯೂಸ್ಟನ್ ನಗರದ ವಸ್ತುಸಂಗ್ರಹಾಲಯವನ್ನು ಸೇರಿವೆ. 1924ರಲ್ಲಿ ಮೇಸಿ ಮಳಿಗೆಯ ನೌಕರರು ಆರಂಭಿಸಿದ ಹಬ್ಬದ ಮೆರವಣಿಗೆಯನ್ನು ಇಂದಿಗೂ ಪ್ರತಿ ನವೆಂಬರಿನಲ್ಲಿ ಅಮೆರಿಕದ ಮಕ್ಕಳು ಕಾದು ನೋಡುತ್ತಾರೆ.

ಆಸ್ಕರನ ಶಾಖೆ ಬೇರೆಯ ದಿಕ್ಕಿಗೆ ಚಾಚಿತು. ಅಮೆರಿಕದಲ್ಲಿ ಧರ್ಮಸ್ವಾತಂತ್ರ್ಯಕ್ಕೆ ಮೊದಲಿಗೆ ದನಿಯೆತ್ತಿದ ರೋಜರ್ ವಿಲಿಯಮ್ಸನನ್ನು ಕುರಿತು ಗ್ರಂಥ ಬರೆದಿದ್ದ ಆಸ್ಕರ್, ತನ್ನ ಮಗನಿಗೂ ಅದೇ ಹೆಸರನ್ನಿಟ್ಟ. ಯೆಹೂದ್ಯ ಮನೆತನದ ಹೆಸರಿನ ಸಾಲಿನಲ್ಲಿ ಕ್ರೈಸ್ತ ಧರ್ಮೋಪದೇಶಕನೊಬ್ಬನ ಹೆಸರು ಹೀಗೆ ಬಂದು ಸೇರಿತು. ಆ ರೋಜರ್ ಮದುವೆಯಾದುದು ಗುಗ್ಗನ್‌ಹೈಮ್ ಮನೆತನದ ಕನ್ಯೆಯನ್ನು. ಸ್ವಿಟ್ಜರ್ಲೆಂಡಿನಿಂದ ಬಂದ ಆ ಮನೆತನದ ಮೂಲಪುರುಷನೂ ಪೆನ್ಸಿಲ್ವೇನಿಯಾದಲ್ಲಿ ಸರಕು ಹೊತ್ತು ಮಾರಿದವನೇ. ಇವರ ಮಗನಾದ ಕಿರಿಯ ರೋಜರ್ 1946ರಲ್ಲಿ ಪ್ರಕಾಶನ ಸಂಸ್ಥೆಯೊಂದನ್ನು ಸ್ಥಾಪಿಸಿದ. ಇಂದು ಫರಾರ್, ಸ್ಟ್ರೌಸ್ ಮತ್ತು ಜಿರೂ ಎಂದು ಹೆಸರಾಗಿರುವ ಆ ಸಂಸ್ಥೆಯ ಲೇಖಕರಲ್ಲಿ ಹಲವರು ನೊಬೆಲ್ ಪಾರಿತೋಷಕವನ್ನು ಪಡೆದಿದ್ದಾರೆ. 1935ರಲ್ಲಿ ಪೋಲೆಂಡಿನಿಂದ ವಲಸೆ ಬಂದು ಯಿಡ್ಡಿಷ್ ಭಾಷೆಯಲ್ಲಿಯೇ ಬರೆಯುತ್ತಿದ್ದ ಐಸಾಕ್ ಬಾಷೆವಿಸ್ ಸಿಂಗರ್ ಅವರಲ್ಲೊಬ್ಬ. 1994ರಲ್ಲಿ ಸಂಸ್ಥೆ ಮಾರಾಟವಾದಾಗ ಕೊಂಡವರು ಜರ್ಮನಿಯ ಪ್ರಕಾಶಕರು. ರೋಜರ್ 2004ರಲ್ಲಿ ತೀರಿಕೊಂಡ.

ಮೇಸಿ ಮಳಿಗೆಯ ಒಡೆತನ ಸ್ಟ್ರೌಸರ ಕೈಬಿಟ್ಟು ಬಹುಕಾಲವಾಯಿತು. ವಂಶಸ್ಥರು ದೇಶದ ಮೂಲೆಮೂಲೆಗೆ ಚದುರಿದ್ದಾರೆ. ಮದುವೆಗಳಿಂದ ಹೆಸರುಗಳೂ ಧರ್ಮಗಳೂ ಬೆರೆತುಹೋಗಿವೆ. ವಂಶದ ಕಾಗದಪತ್ರ, ಭಾವಚಿತ್ರ, ಸ್ಮರಣೆಗಳನ್ನು ಕೂಡಿಡಲು ಸ್ಟ್ರೌಸ್ ಐತಿಹಾಸಿಕ ಸಂಘವೆಂಬುದೊಂದು ಕೆಲಸ ಮಾಡುತ್ತಿದೆ. 2023ರ ಜೂನ್ ತಿಂಗಳಿನಲ್ಲಿ ಟೈಟಾನಿಕ್ಕಿನ ಅವಶೇಷಗಳನ್ನು ನೋಡಲು ಹೋದ ಪುಟ್ಟ ಜಲಾಂತರ ನೌಕೆಯೊಂದು ಕಡಲಿನ ಒತ್ತಡಕ್ಕೆ ಸಿಕ್ಕಿ ನುಚ್ಚುನೂರಾಗಿ ಐವರು ಮಡಿದರಷ್ಟೆ. ಮಡಿದವರಲ್ಲೊಬ್ಬನ ಪತ್ನಿ ಇಸಿಡಾರ್ ಮತ್ತು ಐಡಾರ ಮಗಳು ಮಿನ್ನಿಯ ಮರಿಮೊಮ್ಮಗಳೆಂದು ಪತ್ರಿಕೆಗಳು ಬರೆದಾಗ ಓದಿದವರ ಮೈ ಜುಮ್ಮೆಂದಿತು. ಇಸಿಡಾರನ ದೇಹದ ಮೇಲೆ ದೊರೆತು ತಲೆಮಾರುಗಳವರೆಗೆ ಮನೆಯಲ್ಲಿಯೇ ಉಳಿದಿದ್ದ ಚಿನ್ನದ ಜೇಬುಗಡಿಯಾರವು 2025ರ ನವೆಂಬರಿನಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ ಸುಮಾರು 17 ಲಕ್ಷ 80 ಸಾವಿರ ಪೌಂಡುಗಳಿಗೆ ಮಾರಾಟವಾಯಿತು.

ಬಾರದೆ ಉಳಿದವರು

ಈ ವಂಶದ ಕಾಗದಗಳಿಗಿಂತ ಹೆಚ್ಚು ಹೃದಯವನ್ನು ಹಿಂಡುವ ಕಾಗದಗಳು ಬೇರೆಡೆಯಲ್ಲಿ ದೊರೆತಿವೆ. ನ್ಯೂಯಾರ್ಕಿನ ಯೆಹೂದ್ಯ ಸಂಶೋಧನ ಸಂಸ್ಥೆಯೊಂದು 2007ರಲ್ಲಿ ಹಳೆಯ ಕಡತವೊಂದನ್ನು ಬಹಿರಂಗಪಡಿಸಿತು. ಅದನ್ನು ತಿಳಿಯಲು ಕೊಂಚ ಹಿಂದಕ್ಕೆ ಹೋಗಬೇಕು.

ಹಾಲಿನ ನೇಥನನ ಮಗ ಕಿರಿಯ ನೇಥನ್ ತಾರುಣ್ಯದಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿದ್ಯಾಲಯಕ್ಕೆ ಹೋಗಿದ್ದ. ಮೊದಲು ಅವನಿಗೆ ಚಾರ್ಲ್ಸ್ ಎಂದು ಹೆಸರು. ಗೆಳೆಯರ ಬಾಯಲ್ಲಿ ಚಾರ್ಲಿ. ಅಲ್ಲಿ ಫ್ರಾಂಕ್‌ಫರ್ಟಿನ ಯೆಹೂದ್ಯ ತರುಣನೊಬ್ಬನ ಸ್ನೇಹವಾಯಿತು. ಇಬ್ಬರೂ 1889ರಲ್ಲಿ ಹುಟ್ಟಿದವರು. ಆ ಗೆಳೆತನದಿಂದ ಆ ತರುಣ 1909ರಲ್ಲಿ ನ್ಯೂಯಾರ್ಕಿಗೆ ಬಂದು ಮೇಸಿ ಮಳಿಗೆಯಲ್ಲಿ ಕೆಲಸ ಕಲಿತ. ಅಲ್ಲಿಯೇ ನಿಂತಿದ್ದರೆ ಅವನ ವಂಶವೂ ಅಮೆರಿಕದ ವಂಶವೇ ಆಗುತ್ತಿತ್ತು. ಆದರೆ ಅವನು ತಾಯ್ನಾಡಿಗೆ ಹಿಂದಿರುಗಿದ. ಅವನ ಹೆಸರು ಆಟೋ ಫ್ರಾಂಕ್. ಜಗತ್ತು ಅವನನ್ನು ಬಲ್ಲುದು ಅವನ ಕಿರಿಯ ಮಗಳು ಆನ್ ಬರೆದ ದಿನಚರಿಯಿಂದ.

ಹಿಟ್ಲರನ ಆಳ್ವಿಕೆ ಬಂದ ಮೇಲೆ ಫ್ರಾಂಕ್ ಸಂಸಾರ ಹಾಲೆಂಡಿಗೆ ಹೋಗಿತ್ತು. ಅಮೆರಿಕಕ್ಕೆ ಹೋಗಲು ಸಲ್ಲಿಸಿದ್ದ ಮೊದಲ ಅರ್ಜಿಯ ಕಾಗದಗಳು 1940ರ ಮೇ ತಿಂಗಳಿನಲ್ಲಿ ರಾಟರ್‌ಡ್ಯಾಮ್ ನಗರದ ಮೇಲೆ ಬಿದ್ದ ಬಾಂಬುಗಳಿಂದ ಸುಟ್ಟುಹೋದುವು. 1941ರ ಏಪ್ರಿಲ್ 30ರಂದು ಆಟೋ ತನ್ನ ಹಳೆಯ ಗೆಳೆಯನಿಗೆ ಪತ್ರ ಬರೆದ: ಮಕ್ಕಳಿಗಾಗಿಯಾದರೂ ಇಲ್ಲಿಂದ ಹೊರಡಬೇಕಾಗಿದೆ, ಜಾಮೀನಾಗಿ 5,000 ಡಾಲರುಗಳ ಠೇವಣಿ ಬೇಕು, ಇಷ್ಟು ಕೇಳಬಹುದಾದ ಮನುಷ್ಯ ನನಗೆ ನೀನೊಬ್ಬನೇ ಎಂದು. ಕಿರಿಯ ನೇಥನ್ ಆಗ ಸಾಮಾನ್ಯನಲ್ಲ. ಅಮೆರಿಕ ಸರ್ಕಾರದ ವಸತಿ ಪ್ರಾಧಿಕಾರದ ಮುಖ್ಯಸ್ಥ. ಹಣವಿತ್ತು, ಪ್ರಭಾವವಿತ್ತು, ಮನಸ್ಸೂ ಇತ್ತು. ಆತನೂ ಪತ್ನಿಯೂ ಜಾಮೀನಿಗೆ ಮುಂದಾದರು, ಅಧಿಕಾರಿಗಳಿಗೆ ಬರೆದರು. ಅಮೆರಿಕದಲ್ಲಿದ್ದ ಆಟೋನ ಭಾವಮೈದುನರೂ ಕೈಗೂಡಿಸಿದರು.

ಆದರೆ ಬಾಗಿಲು ಹಳೆಯ ಬಾಗಿಲಾಗಿರಲಿಲ್ಲ. 1924ರ ಶಾಸನ ಯುರೋಪಿನ ಪ್ರತಿ ದೇಶಕ್ಕೂ ಇಷ್ಟೇ ಮಂದಿಯೆಂದು ಮಿತಿ ಹಾಕಿತ್ತು. 1941ರ ಬೇಸಿಗೆಯಲ್ಲಿ ನಿಯಮಗಳು ಇನ್ನೂ ಬಿಗಿಯಾದುವು: ಜರ್ಮನರ ಹಿಡಿತದ ನಾಡಿನಲ್ಲಿ ಹತ್ತಿರದ ಬಂಧುಗಳುಳ್ಳವರು ಗೂಢಚಾರರಾಗಬಹುದೆಂಬ ಶಂಕೆ ಹುಟ್ಟಿತು, ಆ ನಾಡುಗಳಲ್ಲಿದ್ದ ಅಮೆರಿಕದ ಕಾನ್ಸಲ್ ಕಚೇರಿಗಳು ಮುಚ್ಚಿದುವು. ಕೊನೆಗೆ ಕ್ಯೂಬಾ ದೇಶದ ವೀಸಾಕ್ಕೆ ಪ್ರಯತ್ನಿಸಿದರು. ಡಿಸೆಂಬರ್ 1ರಂದು ಆಟೋನೊಬ್ಬನಿಗೆ ಅದು ಮಂಜೂರಾಯಿತು. ಹತ್ತು ದಿನಗಳಲ್ಲಿ ಜರ್ಮನಿ ಅಮೆರಿಕದ ಮೇಲೆ ಯುದ್ಧ ಸಾರಿತು; ವೀಸಾ ರದ್ದಾಯಿತು. 1942ರ ಜುಲೈ 6ರಂದು ಸಂಸಾರ ಆಮ್ಸ್‌ಟರ್‌ಡ್ಯಾಮಿನ ಕಟ್ಟಡವೊಂದರ ಹಿಂಭಾಗದಲ್ಲಿ ಅಡಗಿತು. 1944ರ ಆಗಸ್ಟ್ 4ರಂದು ಸೆರೆಸಿಕ್ಕಿತು. ತಾಯಿ ಎಡಿತ್ ಆಷ್‌ವಿಟ್ಸ್ ಶಿಬಿರದಲ್ಲಿಯೂ, ಮಾರ್ಗೋ ಮತ್ತು ಆನ್ 1945ರ ಆರಂಭದಲ್ಲಿ ಬೆರ್ಗನ್ ಬೆಲ್ಸನ್ ಶಿಬಿರದಲ್ಲಿಯೂ ಮಡಿದರು. ಉಳಿದವನು ಆಟೋ ಒಬ್ಬನೇ.

ಲಾಜರಸ್ ಸ್ಟ್ರೌಸನ ವಂಶವೃಕ್ಷ ಇಂದು ಹಲವು ಹಾಳೆಗಳಷ್ಟು ವಿಸ್ತಾರವಾಗಿದೆ. ರಾಯಭಾರಿಗಳು, ವರ್ತಕರು, ಪ್ರಕಾಶಕರು, ವೈದ್ಯರು, ಗಾಯಕರು ಅದರಲ್ಲಿದ್ದಾರೆ. 1854ರಲ್ಲಿ ಒಬ್ಬ ತಾಯಿ ನಾಲ್ಕು ಮಕ್ಕಳೊಡನೆ ಹಡಗಿನಿಂದಿಳಿದಾಗ ಯಾರೂ ತಡೆಯಲಿಲ್ಲವಾದುದರಿಂದ ಅದು ಬೆಳೆಯಿತು. ಎಂಭತ್ತೇಳು ವರ್ಷಗಳ ಅನಂತರ ಇನ್ನಿಬ್ಬರು ಹೆಣ್ಣುಮಕ್ಕಳಿಗಾಗಿ ಅದೇ ಮನೆತನದವರು ಬಾಗಿಲು ತಟ್ಟಿದರೂ ಅದು ತೆರೆಯಲಿಲ್ಲ. ಮಾರ್ಗೋಗೆ ಆಗ ಹದಿನೈದು ವರ್ಷ, ಆನ್‌ಗೆ ಹನ್ನೆರಡು.